ನೀರು ಕುಡಿ ಎನ್ನುವುದು ಸುಲಭ, ಕುಡಿದ ಮೇಲೆ?

ಹೋಟೆಲಿಗೆ ಗಿರಾಕಿ ಬಂದು ಕುಳಿತ ಕೂಡಲೇ ಮೊದಲು ಮೇಜಿಗೆ ಬರುವುದು ನೀರಿನ ಗ್ಲಾಸು. ಮೆನು ಆಮೇಲೆ, ಆರ್ಡರ್ ಆಮೇಲೆ, ಬಿಲ್ಲು ಕೊನೆಗೆ. ಮುಂಬಯಿಯಲ್ಲಿ ಉಡುಪಿ ಹೋಟೆಲ್ ಎಂಬ ಹೆಸರು ಬೆಳೆದದ್ದರಲ್ಲಿ ಇಡ್ಲಿ-ಸಾಂಬಾರಿನ ಪಾಲು ಎಷ್ಟಿದೆಯೋ, ಕೇಳದೆಯೇ ಬರುವ ಆ ಗ್ಲಾಸಿನ ಪಾಲೂ ಅಷ್ಟೇ ಇದೆ ಎಂದರೆ ಅತಿಶಯೋಕ್ತಿಯಾಗಲಾರದು. ಊರಿನ ಮನೆಗಳಲ್ಲಿಯೂ ಇದೇ ಕ್ರಮ. ಬಿಸಿಲಲ್ಲಿ ನಡೆದು ಬಂದವರನ್ನು ಚಾವಡಿಯಲ್ಲಿ ಕುಳ್ಳಿರಿಸಿ, ಬೆಲ್ಲ-ನೀರು ಕೊಟ್ಟ ಮೇಲೆಯೇ ಕ್ಷೇಮ ಸಮಾಚಾರ.

ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಹೀಗೆ ಪರರಿಗೆ ನೀರಿಡುತ್ತಾ ಬಂದಿರುವ ಒಬ್ಬರು ಕಳೆದ ಬೇಸಗೆಯಲ್ಲಿ ಡೊಂಬಿವಲಿಯ ಒಂದು ಸಮಾರಂಭದಲ್ಲಿ ಭೇಟಿಯಾದರು. ಮೂಲತಃ ಕುಂದಾಪುರದ ಕಡೆಯವರು, ಥಾಣೆಯ ಹೋಟೆಲೊಂದರಲ್ಲಿ ಕೆಲಸ. ಪತ್ನಿ ಚಂದ್ರಪುರ ಜಿಲ್ಲೆಯವರು. ಎಂಟನೇ ತರಗತಿಯಲ್ಲಿ ಕಲಿಯುವ ಮಗನಿಗೆ ಸಿಕಲ್ ಸೆಲ್ ಕಾಯಿಲೆ. ಹೆಸರು ಬರೆಯಬೇಡಿ ಎಂದು ಕೇಳಿಕೊಂಡದ್ದರಿಂದ ಬರೆಯುವುದಿಲ್ಲ. ಅಂದು ಅವರಾಡಿದ ಒಂದು ಮಾತು ಮಾತ್ರ ಇಂದಿಗೂ ಕಿವಿಯಲ್ಲಿದೆ.

"ಡಾಕ್ಟ್ರು ಮಗನಿಗೆ ನೀರು ಕುಡಿಸಿ, ನೀರು ಕುಡಿಸಿ ಅಂತ ಹೇಳ್ತಾರೆ. ಕುಡಿದ ನೀರು ಬಿಡುದೆಲ್ಲಿ ಅಂತ ಯಾರೂ ಹೇಳುದಿಲ್ಲ ಅಣ್ಣ."

ಈ ಕಾಯಿಲೆಯ ಬಗ್ಗೆ ನಮ್ಮ ತುಳು-ಕನ್ನಡಿಗರಲ್ಲಿ ತಿಳಿದವರು ಕಡಿಮೆ. ಬಿಪಿ, ಶುಗರ್ ಗೊತ್ತಿರುವಷ್ಟು ಇದು ಗೊತ್ತಿಲ್ಲ. ಆದ್ದರಿಂದ ಎರಡು ಮಾತು ಹೇಳಲೇಬೇಕು. ಆರೋಗ್ಯವಂತರ ಕೆಂಪು ರಕ್ತಕಣ ನಮ್ಮ ಉದ್ದಿನ ವಡೆಯ ಆಕಾರದ್ದು, ನಡುವೆ ತೂತಿನ ಬದಲು ತಗ್ಗು ಇರುತ್ತದೆ ಅಷ್ಟೇ. ಮೆತ್ತಗೆ ಬಾಗಿ, ಬಳುಕಿ, ತನಗಿಂತ ಕಿರಿದಾದ ನಾಳದಲ್ಲಿಯೂ ನುಸುಳಿ ಹೋಗುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಕಣದೊಳಗಿನ ಹಿಮೋಗ್ಲೋಬಿನ್ ಸ್ವಲ್ಪ ಬೇರೆ. ಆಮ್ಲಜನಕವನ್ನು ಬಿಟ್ಟುಕೊಟ್ಟ ಮೇಲೆ ಅದರ ಕಣಗಳು ಒಂದಕ್ಕೊಂದು ಅಂಟಿ ಉದ್ದನೆಯ ಕಡ್ಡಿಗಳಾಗುತ್ತವೆ. ರಕ್ತಕಣ ಗಟ್ಟಿಯಾಗಿ, ಊರಿನಲ್ಲಿ ಹುಲ್ಲು ಹೆರೆಯುವ ಕತ್ತಿಯಂತೆ ಬಾಗುತ್ತದೆ. ಅಂಥ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮುಂದಿನ ಭಾಗಕ್ಕೆ ರಕ್ತವಿಲ್ಲ. ಕೈ, ಕಾಲು, ಬೆನ್ನು, ಎದೆಯಲ್ಲಿ ತಡೆಯಲಾರದ ನೋವು. ಸಾಮಾನ್ಯ ರಕ್ತಕಣ ಸುಮಾರು 120 ದಿನ ಬಾಳುತ್ತದೆ, ಇದು 10-20 ದಿನಗಳಲ್ಲಿ ಒಡೆಯುತ್ತದೆ. ರಕ್ತಹೀನತೆ, ಹಳದಿ ಕಣ್ಣು ಅದರಿಂದ.

ನೀರಿಗೂ ಇದಕ್ಕೂ ಏನು ಸಂಬಂಧ? ಬೆಳಗಿನ ಫಾಸ್ಟ್ ಲೋಕಲ್ ನೆನಪಿಸಿಕೊಳ್ಳಿ. ಡಬ್ಬಿಯಲ್ಲಿ ಜಾಗವಿದ್ದರೆ ಜನ ತಮ್ಮ ಪಾಡಿಗೆ ನಿಲ್ಲುತ್ತಾರೆ, ಜಾಗ ಕಡಿಮೆಯಾದರೆ ಒಬ್ಬರಿಗೊಬ್ಬರು ಅಂಟಿ ಒಂದೇ ಮುದ್ದೆ. ರಕ್ತಕಣದೊಳಗೆ ನೀರು ಕಡಿಮೆಯಾದರೆ ಹಿಮೋಗ್ಲೋಬಿನ್ ದಟ್ಟವಾಗುತ್ತದೆ. ದಟ್ಟಣೆ ತುಸು ಹೆಚ್ಚಿದರೂ ಕಡ್ಡಿ ಕಟ್ಟುವ ವೇಗ ಹಲವು ಪಟ್ಟು ಏರುತ್ತದೆ. ಇದೇ ಕಾರಣಕ್ಕೆ ಈ ಮಕ್ಕಳ ಚೀಟಿಯಲ್ಲಿ ವೈದ್ಯರು ಔಷಧದ ಜೊತೆಗೆ ನೀರನ್ನೂ ಬರೆಯುತ್ತಾರೆ.

ಆದರೆ ಇಲ್ಲೊಂದು ಇಕ್ಕಟ್ಟಿದೆ, ಇದನ್ನು ಶಾಲೆಯ ಶಿಕ್ಷಕರು ತಿಳಿದಿರಲೇಬೇಕು. ನಮ್ಮ ನಿಮ್ಮ ಮೂತ್ರಪಿಂಡ ನೀರು ಕಡಿಮೆಯಾದಾಗ ಮೂತ್ರವನ್ನು ಗಟ್ಟಿ ಮಾಡಿ ನೀರನ್ನು ಉಳಿಸಿಕೊಳ್ಳುತ್ತದೆ. ಸಿಕಲ್ ಸೆಲ್ ಇರುವವರಲ್ಲಿ ಮೂತ್ರಪಿಂಡದ ಒಳಭಾಗವೇ ಮೊದಲು ಪೆಟ್ಟು ತಿನ್ನುತ್ತದೆ. ಅಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ಹೆಚ್ಚು. ಬಾಲ್ಯದಲ್ಲಿಯೇ ನೀರು ಉಳಿಸುವ ಆ ಶಕ್ತಿ ಕುಂದುತ್ತದೆ. ಕುಡಿದ ನೀರು ನಿಲ್ಲುವುದಿಲ್ಲ, ಪದೇ ಪದೇ ಮೂತ್ರಕ್ಕೆ ಹೋಗಬೇಕಾಗುತ್ತದೆ. ದೊಡ್ಡ ಮಕ್ಕಳೂ ರಾತ್ರಿ ಹಾಸಿಗೆ ಒದ್ದೆ ಮಾಡುವುದುಂಟು. ಇದನ್ನು ಸೋಮಾರಿತನವೆಂದು ಬೈಯುವ ಮನೆಗಳಿವೆ. ನಾಚಿಕೆಯಿಂದ ಹುಡುಗರು ಸಂಜೆಯ ಮೇಲೆ ನೀರು ಮುಟ್ಟುವುದನ್ನೇ ಬಿಡುತ್ತಾರೆ. ನೋವು ಮಧ್ಯರಾತ್ರಿ ಶುರುವಾಗುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇನೆ. ಮೂತ್ರ ತಿಳಿಯಾಗಿದ್ದರೆ ಮೈಯಲ್ಲಿ ನೀರು ಸಾಕಷ್ಟಿದೆ ಎಂಬುದು ನಮಗೆಲ್ಲ ಗೊತ್ತಿರುವ ಲೆಕ್ಕ. ಇವರಿಗೆ ಆ ಲೆಕ್ಕ ನಂಬಲರ್ಹವಲ್ಲ. ಮೈ ಒಣಗುತ್ತಿದ್ದರೂ ಮೂತ್ರ ತಿಳಿಯಾಗಿಯೇ ಇರಬಹುದು. ಒಡೆದ ರಕ್ತಕಣಗಳಿಂದಾಗಿ ಬಣ್ಣ ಗಾಢವಾಗಲೂಬಹುದು. ಬಾಯಾರಿಕೆ, ನಾಲಗೆಯ ಒಣಗುವಿಕೆ, ತಲೆಸುತ್ತು, ಬೆಳಗಿನಿಂದ ಎಷ್ಟು ಗ್ಲಾಸು ಒಳಗೆ ಹೋಯಿತು ಎಂಬುದನ್ನು ನೋಡಬೇಕು.

ಈಗ ನಮ್ಮ ಊರುಗಳಿಗೆ ಬರೋಣ. ನಮ್ಮ ಊರುಗಳೆಂದರೆ ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿ. ಲೋಕಲ್ ರೈಲಿನ ಡಬ್ಬಿಯಲ್ಲಿ ಶೌಚಾಲಯವಿಲ್ಲ. ಕಸಾರಾ, ಕರ್ಜತ್‌ನಿಂದ ಬರುವವರು ಎರಡು ಗಂಟೆಗೂ ಮೀರಿ ಹಾಗೆಯೇ ಕುಳಿತಿರಬೇಕು, ಕುಳಿತಿರುವ ಭಾಗ್ಯವಿದ್ದರೆ. ನಿಲ್ದಾಣಗಳಲ್ಲಿ ಇರುವ ಶೌಚಾಲಯದ ಸ್ಥಿತಿಯನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಅದಕ್ಕೇ ಈ ಮಾರ್ಗದಲ್ಲಿ ಓಡಾಡುವ ಹೆಂಗಸರು ಬೆಳಗ್ಗೆ ಮನೆ ಬಿಡುವ ಮೊದಲು ಚಹಾ ಬಿಟ್ಟರೆ ಬೇರೇನೂ ಕುಡಿಯುವುದಿಲ್ಲ. ಮಹಿಳೆಯರಿಗೆ ಶುಚಿಯಾದ, ಉಚಿತ ಮೂತ್ರಾಲಯ ಬೇಕೆಂದು ಮುಂಬಯಿಯ ಸಂಘಟನೆಗಳು 'ರೈಟ್ ಟು ಪೀ' ಎಂಬ ಹೆಸರಿನಲ್ಲಿ ಆಂದೋಲನ ಆರಂಭಿಸಿದ್ದು 2011ರಲ್ಲಿ. ಆಗ ಹೆಸರು ಕೇಳಿ ನಕ್ಕವರಲ್ಲಿ ನಾನೂ ಒಬ್ಬ. ಈಗ ನಗು ಬರುವುದಿಲ್ಲ. ಆರೋಗ್ಯವಂತರು ನೀರು ತಡೆದುಕೊಂಡರೆ ಉರಿಮೂತ್ರ, ಹೆಚ್ಚೆಂದರೆ ಕಲ್ಲು. ಸಿಕಲ್ ಸೆಲ್ ಇರುವ ಕಾಲೇಜು ಹುಡುಗಿ ಹಾಗೆ ತಡೆದುಕೊಂಡರೆ ಆಸ್ಪತ್ರೆಯ ಮಂಚ.

ಈ ಹುಡುಗನ ಕಷ್ಟ ರೈಲಿನದ್ದಲ್ಲ, ಶಾಲೆಯದ್ದು. ತರಗತಿಯ ನಡುವೆ ಬಾಟಲಿ ತೆರೆದರೆ ಶಿಸ್ತಿಗೆ ಭಂಗ. ಎರಡನೇ ಬಾರಿ ಹೊರಗೆ ಹೋಗಲು ಕೇಳಿದರೆ "ನಾಟಕ". ತಾಯಿ ವೈದ್ಯರ ಚೀಟಿ ಕೊಂಡೊಯ್ದು ಕೊಟ್ಟರು. ಚೀಟಿ ಕಚೇರಿಯ ಫೈಲಿಗೆ ಹೋಯಿತೇ ಹೊರತು ತರಗತಿಗೆ ಬರಲಿಲ್ಲ. ಹುಡುಗ ಉಪಾಯ ಕಂಡುಕೊಂಡ. ಶಾಲೆ ಬಿಡುವ ತನಕ ನೀರು ಕುಡಿಯದಿದ್ದರೆ ಯಾರನ್ನೂ ಕೇಳಬೇಕಾಗಿಲ್ಲವಲ್ಲ! ಆ ವರ್ಷ ಮೂರು ಬಾರಿ ಆಸ್ಪತ್ರೆ ಸೇರಿದ. ಒಮ್ಮೆ ಎದೆನೋವು, ಉಸಿರಾಟದ ತೊಂದರೆ ಎರಡೂ ಬಂದು ಒಂದು ವಾರ ಮನೆಯವರಿಗೆ ಅನ್ನ ನೀರು ಸೇರಲಿಲ್ಲ. ಶಾಲೆ ಯಾವುದೆಂದು ಕೇಳಬೇಡಿ. ಈ ಒಂದು ಶಾಲೆಯನ್ನು ದೂರಿ ಪ್ರಯೋಜನವಿಲ್ಲ, ಹೆಚ್ಚಿನ ಶಾಲೆಗಳ ನಿಯಮ ಇದೇ.

ನಿಯಮ ಬದಲಿಸಬಹುದು ಎಂಬುದಕ್ಕೆ ಉದಾಹರಣೆ ನಮ್ಮ ಕಡೆಯೇ ಇದೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಮಕ್ಕಳು ನೀರು ಕುಡಿಯಲೆಂದೇ ದಿನದಲ್ಲಿ ಕೆಲವು ಬಾರಿ ಗಂಟೆ ಬಾರಿಸುವ ಪದ್ಧತಿ ಸುದ್ದಿಯಾಯಿತು. ಅದೇ ವರ್ಷ ಕರ್ನಾಟಕ ಸರಕಾರವೂ ಅದನ್ನು ಕೈಗೆತ್ತಿಕೊಂಡಿತು. ಈ ಗಂಟೆಗೆ ಖರ್ಚಿಲ್ಲ, ಅನುದಾನ ಬೇಡ, ಮಂತ್ರಿಗಳು ಬಂದು ದೀಪ ಬೆಳಗಿಸಬೇಕಾಗಿಯೂ ಇಲ್ಲ. ಮುಂಬಯಿ, ಥಾಣೆ ಪರಿಸರದಲ್ಲಿ ನಮ್ಮ ಸಂಘ-ಸಂಸ್ಥೆಗಳು ಶಾಲೆ ನಡೆಸುತ್ತಿವೆ. ಅಲ್ಲಿಯಾದರೂ ಮೊದಲು ಆರಂಭವಾಗಲಿ. ಗಂಟೆ ಎಲ್ಲರಿಗೂ ಬಾರಿಸಿದರೆ ಕಾಯಿಲೆಯ ಮಗು ಒಂಟಿಯಾಗಿ ಎದ್ದು ನಿಂತು ಕೈ ಎತ್ತಬೇಕಾಗಿಲ್ಲ.

ಕಾನೂನಿನ ಬಲವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ತಲಸ್ಸೇಮಿಯಾ, ಹಿಮೋಫೀಲಿಯಾಗಳ ಜೊತೆಗೆ ಸಿಕಲ್ ಸೆಲ್ ಕಾಯಿಲೆಯನ್ನೂ ಸೇರಿಸಲಾಗಿದೆ. ಅಂಗವಿಕಲ ಎಂಬ ಪದ ಕೇಳಿ ಎಷ್ಟೋ ತಂದೆ-ತಾಯಿ ಸರ್ಟಿಫಿಕೇಟು ಬೇಡವೆನ್ನುತ್ತಾರೆ, ಮುಂದೆ ಮದುವೆಗೆ ತೊಂದರೆ ಎಂಬ ಅಂಜಿಕೆ. ಅದು ಅವರವರ ತೀರ್ಮಾನ. ಆದರೆ ಮಗುವಿಗೆ ಬೇಕಾದ ಅನುಕೂಲ ಮಾಡಿಕೊಡಿ ಎಂದು ಶಾಲೆಯನ್ನು ಕೇಳುವಾಗ ಕೈಯಲ್ಲಿ ಕಾಗದವಿದ್ದರೆ ಧ್ವನಿ ನಡುಗುವುದಿಲ್ಲ.

"ಇದು ಆದಿವಾಸಿಗಳ ಕಾಯಿಲೆ, ನಮಗೇಕೆ?" ಎಂದು ಕೇಳುವವರಿದ್ದಾರೆ. ಹುಡುಗನ ತಂದೆಯೂ ಮೊದಲು ಹಾಗೆಯೇ ಕೇಳಿದ್ದರಂತೆ. ಹೌದು, ಭಾರತದಲ್ಲಿ ಈ ಕಾಯಿಲೆ ಹೆಚ್ಚಾಗಿ ಕಾಣುವುದು ಆದಿವಾಸಿಗಳಲ್ಲಿ. 1952ರಲ್ಲಿ ದಕ್ಷಿಣ ಭಾರತದಲ್ಲಿ ಇದನ್ನು ಮೊದಲು ಗುರುತಿಸಿದ್ದು ನಮ್ಮ ಚಾಮರಾಜನಗರಕ್ಕೆ ತಾಗಿಕೊಂಡಿರುವ ನೀಲಗಿರಿಯ ಗುಡ್ಡಗಾಡು ಜನರಲ್ಲಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿಯೂ ಇದೆ. ಮಹಾರಾಷ್ಟ್ರದಲ್ಲಿ ವಿದರ್ಭದ ಚಂದ್ರಪುರ, ಗಡಚಿರೋಲಿ, ಉತ್ತರದ ನಂದುರ್ಬಾರ್ ಕಡೆ ಹೆಚ್ಚು, ಥಾಣೆ, ಪಾಲ್ಘರ್ ಜಿಲ್ಲೆಗಳ ಆದಿವಾಸಿಗಳಲ್ಲಿಯೂ ಇದೆ. ವಿದರ್ಭದಲ್ಲಿ ಪರಿಶಿಷ್ಟ ಜಾತಿಗಳವರಲ್ಲಿಯೂ ಕಾಣುತ್ತದೆ. ಮಲೇರಿಯಾ ಕಾಡುತ್ತಿದ್ದ ನೆಲದಲ್ಲಿ ಈ ಜೀನಿನ ಒಂದು ಪ್ರತಿ ಇದ್ದವರು ಮಾರಕ ಮಲೇರಿಯಾದಿಂದ ಹೆಚ್ಚು ಪಾರಾಗುತ್ತಿದ್ದರು. ಹಾಗೆ ಅದು ತಲೆಮಾರುಗಳಿಂದ ಉಳಿದು ಬಂತು.

ಕುಂದಾಪುರದ ತಂದೆಗೆ ಸಿಕಲ್ ಜೀನ್ ಇರಲಿಲ್ಲ. ಅವರಲ್ಲಿದ್ದದ್ದು ಬೀಟಾ ತಲಸ್ಸೇಮಿಯಾದ ಒಂದು ಪ್ರತಿ. ತಾಯಿಯಲ್ಲಿ ಸಿಕಲ್‌ನ ಒಂದು ಪ್ರತಿ. ಇಬ್ಬರೂ ಗಟ್ಟಿಮುಟ್ಟು, ಒಂದು ದಿನವೂ ಅದಕ್ಕಾಗಿ ಮಲಗಿದವರಲ್ಲ. ಇಂಥ ಜೋಡಿಗೆ ಪ್ರತಿ ಬಸಿರಿನಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಎರಡೂ ಸೇರಿ ಬರುವ ಸಾಧ್ಯತೆ. ಬಂತು. ನಮ್ಮ ನೆರೆಯ ಉಲ್ಲಾಸನಗರದ ಸಿಂಧಿ ಬಾಂಧವರಿಗೆ ತಲಸ್ಸೇಮಿಯಾದ ಬಗ್ಗೆ ಚೆನ್ನಾಗಿ ಗೊತ್ತು, ಅವರಲ್ಲಿ ಅದರ ವಾಹಕರು ಹೆಚ್ಚು. ನಮ್ಮಲ್ಲಿ ಆ ಹೆಸರು ತೆಗೆಯುವವರೇ ವಿರಳ. ಈ ನಗರದಲ್ಲಿ ನಮ್ಮ ಮಕ್ಕಳು ಮರಾಠಿ, ಗುಜರಾತಿ, ಸಿಂಧಿ, ಬಿಹಾರಿ ಎನ್ನದೆ ಮದುವೆಯಾಗುತ್ತಿದ್ದಾರೆ. ಸಂತೋಷದ ವಿಷಯ. ಜಾತಕ ನೋಡುವುದನ್ನು ಬಿಟ್ಟವರೂ ಒಂದು ರಕ್ತಪರೀಕ್ಷೆ ನೋಡಿಕೊಳ್ಳಲಿ. ಎಚ್‌ಪಿಎಲ್‌ಸಿ ಎಂಬ ಒಂದೇ ಪರೀಕ್ಷೆಯಿಂದ ಸಿಕಲ್ ಮತ್ತು ತಲಸ್ಸೇಮಿಯಾ ವಾಹಕರು ಯಾರೆಂದು ಸಾಮಾನ್ಯವಾಗಿ ತಿಳಿಯುತ್ತದೆ. ಪರೇಲ್‌ನ ಕೆಇಎಂ ಆಸ್ಪತ್ರೆಯ ಆವರಣದಲ್ಲಿ ಇಂಥ ರಕ್ತದ ಕಾಯಿಲೆಗಳಿಗೆಂದೇ ರಾಷ್ಟ್ರೀಯ ಮಟ್ಟದ ಸಂಶೋಧನಾ ಸಂಸ್ಥೆ ಇದೆ. ಡೊಂಬಿವಲಿಯಿಂದ ಒಂದು ರೈಲಿನ ದಾರಿ.

ಕೇಂದ್ರ ಸರಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನ ಆರಂಭಿಸಿತು. 40 ವರ್ಷದೊಳಗಿನ 7 ಕೋಟಿ ಜನರ ತಪಾಸಣೆ, 2047ರೊಳಗೆ ನಿರ್ಮೂಲನೆ ಎಂಬುದು ಗುರಿ. ಕರ್ನಾಟಕ, ಮಹಾರಾಷ್ಟ್ರ ಎರಡೂ ಪಟ್ಟಿಯಲ್ಲಿವೆ. 2025ರ ಮಧ್ಯಭಾಗದ ಹೊತ್ತಿಗೆ 6 ಕೋಟಿಗೂ ಹೆಚ್ಚು ಜನರ ತಪಾಸಣೆಯಾಗಿ 2 ಲಕ್ಷಕ್ಕೂ ಮಿಕ್ಕಿ ರೋಗಿಗಳು ಪತ್ತೆಯಾಗಿದ್ದರು. ಕೆಲಸ ಸಣ್ಣದಲ್ಲ. ಆದರೆ ಆ ಅಭಿಯಾನದ ಗಮನ ಆದಿವಾಸಿ ಜಿಲ್ಲೆಗಳ ಮೇಲಿದೆ. ಡೊಂಬಿವಲಿಯ ಚಾಳಿನಲ್ಲಿ ಬಾಡಿಗೆಗಿರುವ ಕುಟುಂಬದ ಬಾಗಿಲು ತಟ್ಟಲು ಯಾರೂ ಬರುವುದಿಲ್ಲ. ಆ ಬಾಗಿಲು ನಮ್ಮ ಸಂಘಗಳಿಗೆ ಗೊತ್ತು. ವರ್ಷಕ್ಕೊಮ್ಮೆ ವೈದ್ಯಕೀಯ ಶಿಬಿರ ಮಾಡುತ್ತೇವೆ. ಬಿಪಿ, ಶುಗರ್, ಕಣ್ಣು, ಹಲ್ಲು. ಬಂದವರಿಗೆ ಉಪಾಹಾರ, ವೈದ್ಯರಿಗೆ ಶಾಲು, ಫಲಪುಷ್ಪ. ಪ್ರತಿ ವರ್ಷ ಅದೇ ಐವತ್ತು ದಾಟಿದ ಮುಖಗಳು. ಮದುವೆಯ ವಯಸ್ಸಿನ ಹುಡುಗ-ಹುಡುಗಿಯರಿಗೆ ರಕ್ತದ ಈ ಪರೀಕ್ಷೆಯನ್ನು ಒಂದು ಶಿಬಿರದಲ್ಲಾದರೂ ಇಡಬಾರದೇ? ಫಲಿತಾಂಶ ಮುಚ್ಚಿದ ಲಕೋಟೆಯಲ್ಲಿ ಅವರ ಕೈಗೇ ಹೋಗಲಿ, ಸಂಘದ ಕಚೇರಿಗೆ ಬೇಡ. ನಮ್ಮ ಕಚೇರಿಗಳಲ್ಲಿ ಗುಟ್ಟು ಎಷ್ಟು ದಿನ ಉಳಿಯುತ್ತದೆ ಎಂಬುದು ಗೊತ್ತಿರುವ ವಿಷಯ.

ನೀರಿನ ಮಾತಿಗೆ ಮರಳುತ್ತೇನೆ. ನವಿಮುಂಬಯಿಗೆ ತನ್ನದೇ ಮೋರ್ಬೆ ಅಣೆಕಟ್ಟಿದೆ. ದಿವಾದಲ್ಲಿ, ಕಲ್ಯಾಣ್ ಹೊರವಲಯದಲ್ಲಿ ಬೇಸಗೆ ಬಂತೆಂದರೆ ಟ್ಯಾಂಕರಿನ ಹಾದಿ ಕಾಯುವ ಮನೆಗಳಿವೆ. ಇನ್ನೂ ಆಚೆ ಶಹಾಪುರ ತಾಲೂಕಿನಲ್ಲಿ ತಾನ್ಸಾ, ಭಾತ್ಸಾ ಅಣೆಕಟ್ಟುಗಳಿವೆ. ಮುಂಬಯಿ ಕುಡಿಯುವುದು ಅಲ್ಲಿನ ನೀರನ್ನು. ಅದೇ ತಾಲೂಕಿನ ಆದಿವಾಸಿ ಪಾಡಾಗಳಿಗೆ ಎಪ್ರಿಲ್-ಮೇ ತಿಂಗಳಲ್ಲಿ ಟ್ಯಾಂಕರ್. ಸಿಕಲ್ ಸೆಲ್ ಇರುವ ಮಗುವಿಗೆ ದಿನಕ್ಕೆ ಇಷ್ಟು ನೀರು ಎಂದು ಚೀಟಿಯಲ್ಲಿ ಬರೆದು ಕೊಟ್ಟರೆ ಅಲ್ಲಿನ ತಾಯಿ ಆ ನೀರನ್ನು ತಲೆಯ ಮೇಲೆ ಹೊತ್ತು ತರಬೇಕು. ಭಿವಂಡಿ, ಕಲ್ಯಾಣ್ ಸುತ್ತಲಿನ ಇಟ್ಟಿಗೆ ಗೂಡುಗಳಲ್ಲಿ ದೀಪಾವಳಿಯಿಂದ ಮಳೆಗಾಲದ ತನಕ ದುಡಿಯುವ ಕಾತಕರಿ ಕುಟುಂಬಗಳ ಪಾಡನ್ನು ನೆನೆದರೆ ನಮ್ಮ ಹುಡುಗನೇ ಭಾಗ್ಯವಂತ ಎನಿಸುತ್ತದೆ.

ಬಿಸಿಲಿನ ಪೆಟ್ಟು ಎಂಥದ್ದೆಂದು ಈ ಭಾಗದ ಜನ ಕಣ್ಣಾರೆ ಕಂಡಿದ್ದಾರೆ. 2023ರ ಎಪ್ರಿಲ್ 16ರಂದು ಖಾರ್‌ಘರ್‌ನ ಬಯಲಿನಲ್ಲಿ ನಡೆದ ಮಹಾರಾಷ್ಟ್ರ ಭೂಷಣ ಪ್ರಶಸ್ತಿ ಸಮಾರಂಭದ ನಂತರ ಬಿಸಿಲಾಘಾತಕ್ಕೆ 14 ಜನ ಬಲಿಯಾದರು. ಅವರಿಗೆ ಸಿಕಲ್ ಸೆಲ್ ಇತ್ತೆಂದು ನಾನು ಹೇಳುತ್ತಿಲ್ಲ. ನೆರಳು-ನೀರಿನ ವಿಚಾರದಲ್ಲಿ ಸಮಾರಂಭಗಳ ಸಂಘಟಕರಿಗೆ ಅದು ಪಾಠವಾಗಬೇಕಿತ್ತು. ನಮ್ಮ ಎಪ್ರಿಲ್-ಮೇ ತಿಂಗಳ ಕ್ರೀಡಾಕೂಟಗಳಲ್ಲಿ ಬೆಳಗ್ಗೆ ಹತ್ತಕ್ಕೆ ಉದ್ಘಾಟನೆ ಎಂದು ಅಚ್ಚು ಹಾಕಿ ಅತಿಥಿಗಳು ಹನ್ನೊಂದೂವರೆಗೆ ಬರುವ ತನಕ ಮಕ್ಕಳನ್ನು ಮೈದಾನದಲ್ಲಿ ಸಾಲಾಗಿ ನಿಲ್ಲಿಸುವುದು ಇನ್ನೂ ನಿಂತಿಲ್ಲ. ಸಿಕಲ್‌ನ ಒಂದೇ ಪ್ರತಿ ಇರುವ ವಾಹಕರು ಸಾಮಾನ್ಯವಾಗಿ ಆರೋಗ್ಯವಂತರೇ. ಆದರೆ ಬಿಸಿಲು, ನಿರ್ಜಲೀಕರಣ, ಮೈಮುರಿಯುವ ಓಟ ಮೂರೂ ಸೇರಿದಾಗ ಅವರಿಗೂ ಅಪಾಯವುಂಟೆಂದು ಅಮೆರಿಕದ ಸೈನಿಕ ತರಬೇತಿಯ ಮರಣಗಳ ಅಧ್ಯಯನ 1987ರಲ್ಲಿಯೇ ತೋರಿಸಿತ್ತು.

ಹಾಗಾದರೆ ಎಷ್ಟು ನೀರು? ದೊಡ್ಡವರಿಗೆ ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ಎಂದು ವೈದ್ಯರು ಸಾಮಾನ್ಯವಾಗಿ ಹೇಳುತ್ತಾರೆ, ಮಕ್ಕಳಿಗೆ ತೂಕದ ಲೆಕ್ಕ. ಜ್ವರ, ವಾಂತಿ-ಭೇದಿ, ಬಿಸಿಲು ಇದ್ದಾಗ ಹೆಚ್ಚು. ಹೃದಯ, ಮೂತ್ರಪಿಂಡ, ಶ್ವಾಸಕೋಶಕ್ಕೆ ತೊಂದರೆಯಾಗಿದ್ದವರಿಗೆ ಅತಿಯಾದ ನೀರು ಕೇಡು, ಅವರು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಬರೇ ನೀರೇ ಆಗಬೇಕೆಂದಿಲ್ಲ. ಮಜ್ಜಿಗೆ, ಗಂಜಿಯ ತೆಳಿ, ಪುನರ್ಪುಳಿ ಶರಬತ್ತು, ಬೊಂಡ ಎಲ್ಲವೂ ಲೆಕ್ಕಕ್ಕೆ ಸೇರುತ್ತವೆ. ಮೂತ್ರಪಿಂಡದ ದೋಷ ಇರುವವರು ಬೊಂಡದ ಬಗ್ಗೆ ಮೊದಲು ಕೇಳಿಕೊಳ್ಳಲಿ. ಮದ್ಯ ಬೇಡ, ಅದು ಮೈಯ ನೀರನ್ನೇ ಹೀರುತ್ತದೆ. ಐಸ್ ನೀರಿನ ಸ್ನಾನ, ತಣ್ಣನೆಯ ಈಜುಕೊಳಕ್ಕೆ ತಟಕ್ಕನೆ ಹಾರುವುದು, ಮಳೆಯಲ್ಲಿ ತೊಯ್ದ ಬಟ್ಟೆಯಲ್ಲಿಯೇ ಎಸಿ ಲೋಕಲ್ ಹತ್ತುವುದು ಇವೂ ನೋವನ್ನು ಎಬ್ಬಿಸಬಲ್ಲವು. ಮಳೆಗಾಲದಲ್ಲಿ ಬಾಯಾರುವುದಿಲ್ಲವೆಂದು ಬಾಟಲಿ ಮರೆಯುವವರೇ ಹೆಚ್ಚು. ಹುಡುಗನ ಮೂರರಲ್ಲಿ ಎರಡು ಆಸ್ಪತ್ರೆ ವಾಸ ಜುಲೈ-ಆಗಸ್ಟ್‌ನಲ್ಲಿಯೇ ಆದದ್ದು.

ನೀರಿನಿಂದ ಕಾಯಿಲೆ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ನೀರು ನೋವಿಗೆ ದಾರಿ ಕಡಿಮೆ ಮಾಡುತ್ತದೆ, ಅಷ್ಟೇ. ಹೈಡ್ರಾಕ್ಸಿಯೂರಿಯಾ ಎಂಬ ಮಾತ್ರೆ ನೋವಿನ ಸರದಿಗಳನ್ನು ಕಡಿಮೆ ಮಾಡುತ್ತದೆಂದು ಸಾಬೀತಾಗಿ ದಶಕಗಳಾದವು. ಅಮೆರಿಕದಲ್ಲಿ ಅದಕ್ಕೆ ಮನ್ನಣೆ ದೊರೆತದ್ದು 1998ರಲ್ಲಿ. ಆಗಾಗ ರಕ್ತಪರೀಕ್ಷೆ ಮಾಡಿಸುತ್ತಾ ವೈದ್ಯರ ಕಣ್ಗಾವಲಿನಲ್ಲಿ ತೆಗೆದುಕೊಳ್ಳಬೇಕಾದ ಮಾತ್ರೆ ಅದು. ಜ್ವರ 101 ಡಿಗ್ರಿ ದಾಟಿದರೆ, ಎದೆನೋವು-ಉಸಿರುಕಟ್ಟು ಬಂದರೆ, ಮುಖ ಓರೆಯಾದರೆ, ಮಾತು ತೊದಲಿದರೆ, ಮಗು ಒಮ್ಮೆಲೇ ಬಿಳಿಚಿಕೊಂಡು ಹೊಟ್ಟೆಯ ಎಡಭಾಗ ಉಬ್ಬಿದರೆ ಮನೆಯಲ್ಲಿ ನೀರು ಕುಡಿಸುತ್ತಾ ಕೂರುವ ಹೊತ್ತಲ್ಲ, ನೇರ ಆಸ್ಪತ್ರೆಗೆ. 2023ರ ಕೊನೆಗೆ ಬ್ರಿಟನ್, ಅಮೆರಿಕಗಳಲ್ಲಿ ಜೀನ್ ತಿದ್ದುವ ಚಿಕಿತ್ಸೆಗೂ ಒಪ್ಪಿಗೆ ಸಿಕ್ಕಿತು. ಅಲ್ಲಿ ಅದರ ಬೆಲೆ ಇಪ್ಪತ್ತು ಲಕ್ಷ ಡಾಲರಿಗೂ ಮೇಲೆ. ಹೋಟೆಲಿನಲ್ಲಿ ಮೇಜು ಒರೆಸುವ ತಂದೆಗೆ ಆ ಸುದ್ದಿಯನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಆ ದಿನದ ಸಮಾರಂಭದ ಬಗ್ಗೆ ಒಂದು ಮಾತು ಉಳಿದಿದೆ. ಹುಡುಗನೂ ಬಂದಿದ್ದ, ಹೆಗಲಲ್ಲಿ ಎರಡು ಬಾಟಲಿ. ಯಕ್ಷಗಾನ ಇನ್ನೂ ಶುರುವಾಗಿರಲಿಲ್ಲ, ಸನ್ಮಾನ ನಡೆಯುತ್ತಿತ್ತು. ಎರಡು ಬಾರಿ ಎದ್ದು ಹೊರಗೆ ಹೋಗಿ ಎರಡು ಬಾರಿಯೂ ಕೂಡಲೇ ಹಿಂದೆ ಬಂದ. ಮೂರನೇ ಬಾರಿ ನಾನೇ ಜೊತೆಗೆ ಹೋದೆ. ಸಭಾಗೃಹದ ಶೌಚಾಲಯಕ್ಕೆ ಬೀಗ. ಕೀಲಿಕೈ ವಾಚ್‌ಮನ್ ಬಳಿ, ವಾಚ್‌ಮನ್ ಊಟಕ್ಕೆ ಹೋಗಿದ್ದಾನೆ ಎಂದು ಕಾರ್ಯಕರ್ತರೊಬ್ಬರು ತಿಳಿಸಿದರು. ಹುಡುಗ ಬಾಟಲಿಯ ಮುಚ್ಚಳ ಬಿಗಿದು ಬ್ಯಾಗಿನೊಳಗಿಟ್ಟ.